ಒತ್ತಕ್ಷರ

ಗದ್ದನಕೇರಿ ಕ್ರಾಸ್ ದಾಟಿ ಎರಡು ಕಿಲೋಮೀಟರು,
ಹಿಂದಿನ ಕಾಲದ ಊರಿಗೆ ತಲಾ ಇಪ್ಪತ್ತು ರೂಪಾಯಿ,
ಸರ್ಕಾರಿ ಶಾಲೆಯವರಿಗೆ ಹತ್ತು.
ನಲವತ್ತೊಂದು ಮಕ್ಕಳು, ಇಬ್ಬರು ಟೀಚರು,
ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ರೇಣವ್ವನ ಅಂಗಿ ತೊಳೆದು
ಮತ್ತೊಮ್ಮೆ ಎಣಿಸಿ ಒಳಗೆ ಬಿಟ್ಟೆವು.

ಊರು ಚೆಂದ ಇದೆ.
ನೊಣವಿಲ್ಲ, ಸಗಣಿಯಿಲ್ಲ, ಜಗಳವಿಲ್ಲ.
ಸಿಮೆಂಟಿನ ಎತ್ತು ಸಿಮೆಂಟಿನ ಮೇವಿಗೆ ಬಾಯಿ ಹಾಕಿ
ಇನ್ನೂ ನುಂಗಿಲ್ಲ.
ಕಟ್ಟೆಯ ಮೇಲೆ ಐದು ಮಂದಿ ಹಿರಿಯರು,
ಒಬ್ಬರ ಕಿರುಬೆರಳು ಮುರಿದು ತಂತಿ ಕಾಣುತ್ತದೆ.
ಬಾಗಿಲುಗಳು ಮಾತ್ರ ನಿಜದವು:
ಹಿನ್ನೀರು ಬರುವ ಮೊದಲು ಮುಳುಗಡೆ ಊರುಗಳಿಂದ
ಬಿಚ್ಚಿ, ನಂಬರು ಬರೆದು, ಟ್ರ್ಯಾಕ್ಟರಿನಲ್ಲಿ ತಂದವು.
ಯಾರ ಚೌಕಟ್ಟು ಯಾರ ಮನೆಗೋ,
ಗಾಣಿಗರ ಬಾಗಿಲಲ್ಲಿ ಈಗ ಬಡಿಗೇರ ನಿಂತಿದ್ದಾನೆ.

ಮೂಲೆಯಲ್ಲಿ, ಶೌಚಾಲಯದ ಬಾಣದ ಗುರುತಿನ ಪಕ್ಕ,
ಕಲಾಯಿಗಾರ.
ಹಂಡೆಯೊಳಗೆ ನಿಂತು, ಗೋಡೆ ಹಿಡಿದು,
ಮರಳ ಮೇಲೆ ಅಂಗಾಲು ತಿರುವುತ್ತಿದ್ದಾನೆ.
ಸೊಂಟ ಅಷ್ಟು ನೆಟ್ಟಗಿದ್ದರೆ ಹಂಡೆ ಬೆಳಗುವುದಿಲ್ಲ.
ಹೇಳಲಿಲ್ಲ.
ತಿದಿಯನ್ನು ತಪ್ಪು ಮಗ್ಗುಲಿಗೆ ಇಟ್ಟಿದ್ದಾರೆ.
ಅದನ್ನೂ ಹೇಳಲಿಲ್ಲ.
ಹೇಳಿದ್ದು ಇಷ್ಟು: ತವರ, ನವಸಾಗರ, ಅರಳೆ,
ಹುಳಿಗೆ ಕಿಲುಬು ಹಿಡಿಯದಂತೆ ಪಾತ್ರೆಗೊಂದು ಬಿಳಿ ಹೊಟ್ಟೆ.
"ನಿಮಗ ಹೆಂಗ ಗೊತ್ರಿ ಟೀಚರ್?"
"ಪುಸ್ತಕದಾಗ ಐತಿ," ಅಂದೆ.
ಯಾವ ಪುಸ್ತಕದಲ್ಲೂ ಇಲ್ಲ.

ಅವನ ಮುಂದೆ, ಹಗ್ಗದಾಚೆ, ಏಳು ಪಾತ್ರೆ.
ಕೊನೆಯದು ತಾಮ್ರದ ಕೊಡ. ಚೀಟಿ: 'ಅಂದಾಜು ೧೯೪೦'.
ಕಂಠದ ಸುತ್ತ ಉಳಿಯ ಚುಕ್ಕಿಯಲ್ಲಿ ಒಂದು ಹೆಸರು.
ಐದನೆತ್ತೆಯ ಯಮನಪ್ಪ ಮೊದಲು ಓದಿದ,
ಗಾಳಿಯಲ್ಲಿ ಬೆರಳಿಟ್ಟು, ಕೂಡಿಸಿ ಕೂಡಿಸಿ:
"ನೀ... ಲ... ವ... ವ.
ಟೀಚರ್, ತಪ್ಪೈತ್ರಿ! ಒತ್ತಕ್ಷರ ಇಲ್ರೀ!"
ಹೋ ಎಂದು ನಕ್ಕರು. ದೊಡ್ಡವರ ತಪ್ಪು ಸಿಕ್ಕರೆ ಮಕ್ಕಳಿಗೆ ಹಬ್ಬ.

ನನಗೆ ಕೈಯ ಗುರುತು ಸಿಕ್ಕಿತ್ತು.

ದಸ್ತಗೀರಸಾಬ, ನಮ್ಮಪ್ಪ,
ಬೀಳಗಿ ಕಡೆಯ ಹೊಳೆದಂಡೆ ಊರೂರು ತಿರುಗಿದವ,
ಯಾವ ಭಾಷೆಯಲ್ಲೂ ಓದಿದವನಲ್ಲ.
ಮಾಸ್ತರು ಚೀಟಿಯಲ್ಲಿ ಬರೆದುಕೊಟ್ಟ ಹೆಸರನ್ನು
ಬಳ್ಳಿ ಕೊರೆದಂತೆ, ಹೂ ಕೊರೆದಂತೆ
ನೋಡಿ ನೋಡಿ ಕೊರೆಯುತ್ತಿದ್ದ.
ಒತ್ತಕ್ಷರ ಅವನ ಕಣ್ಣಿಗೆ
ಸಾಲಿನಿಂದ ಜಾರಿ ಬಿದ್ದ ಅಕ್ಷರ.
ಬಿದ್ದದ್ದನ್ನು ಎತ್ತಿ
ಉಳಿದವರ ಪಕ್ಕ ಕೂರಿಸುತ್ತಿದ್ದ.
ನೀಲವವ, ಬಸಪಪ, ಕಲಲವವ.
ಕೊಡದ ಒಡತಿಯರೂ ಓದುವವರಲ್ಲ,
ನಗ್ಗಿನಿಂದಲೇ ತಮ್ಮ ಕೊಡ ತಮಗೆ ತಿಳಿಯುತ್ತಿತ್ತು.

ಎಂಬತ್ಮೂರರಲ್ಲಿ, ನಾನು ಎರಡನೆತ್ತೆಗೆ ಬಂದ ವರ್ಷ,
ಪಾಟಿ ತಂದು ತೋರಿಸಿದೆ: ಅಬ್ಬಾ, ಇದು ಕೆಳಗೇ ಇರಬೇಕು.
ಅವನು ಉಳಿ ನೆಲಕ್ಕಿಟ್ಟ.
ಮನೆಮಾತಿನಲ್ಲಿ ಇಷ್ಟೇ ಅಂದ:
ಇಷ್ಟು ವರ್ಷ ಯಾರೂ ಹೇಳಲಿಲ್ಲ ನೋಡು.
ಆಮೇಲೆ ಅವನ ಕೊಡಗಳಲ್ಲಿ ತಪ್ಪಿಲ್ಲ.
ಹಾಗಾಗಿ, ಚೀಟಿ ಬರೆದವರೇ, ನಲವತ್ತು ಅಲ್ಲ.
ನಲವತ್ತರಲ್ಲಿ ನಮ್ಮಪ್ಪ ಹುಟ್ಟಿರಲೇ ಇಲ್ಲ.
ಇದು ಎಂಬತ್ಮೂರಕ್ಕಿಂತ ಹಿಂದಿನದು,
ನಾನು ತಿದ್ದುವುದಕ್ಕಿಂತ ಹಿಂದಿನದು.

ಹಗ್ಗ ದಾಟಿ ಇಣುಕಿದೆ.
ಕಲಾಯಿ ಪೂರ್ತಿ ಹೋಗಿ ಒಳಗೆಲ್ಲ ಕಪ್ಪು,
ತಳದಲ್ಲಿ ಯಾರೋ ತಿಂದೆಸೆದ ಚಿಪ್ಸ್ ಪಾಕೀಟು.
"ಅಕ್ಕೋರ, ಮುಟ್ಟಬ್ಯಾಡ್ರಿ," ಅಂದ ಕಾವಲಿನವ.
ಪಾಕೀಟು ತೆಗೆದು ಅವನ ಕೈಗೆ ಕೊಟ್ಟೆ.

ಸೋಮವಾರ ನೋಟ್‌ಬುಕ್ಕು ತಿದ್ದಲು ಕೂತೆ:
'ನಾನು ಕಂಡ ಹಳೆಯ ಊರು'.
ಎತ್ತಿಗೆ ಒತ್ತು ಬಿಟ್ಟವರು ಹನ್ನೊಂದು ಮಂದಿ,
ಹನ್ನೊಂದಕ್ಕೂ ಗೆರೆ ಎಳೆದೆ.
ಯಮನಪ್ಪ ಬರೆದಿದ್ದ:
ಕೊಡದ ಮ್ಯಾಲ ನೀಲವವ ಅಂತ ಹೆಸರು ಇತ್ತು.
ಕೆಂಪು ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತು.
ಶಾಯಿ ಒಂದು ಚುಕ್ಕಿಯಾಗಿ ಹರಡಿತು.
'ಮ್ಯಾಲ' ಹೊಡೆದು 'ಮೇಲೆ' ಮಾಡಿದೆ,
ಪುಟ ತಿರುವಿದೆ.